ಅಚ್ಚಿಗೆ ಕೂರದ ಕೈ

ಎರಡನೇ ತಿಂಗಳು, ಐದನೇ ದಿನ
ಗೋಡೆಯ ಒಳಗಿನಿಂದ

ಪುಟ್ಟಿ,

ನೀನು ಸುಣ್ಣ ಸುಡುವ ಗೂಡಿಗೆ ಹೊರಟು ಇಪ್ಪತ್ತು ದಿನವಾಯಿತು. ಅಮ್ಮನಿಗೆ ಎರಡು ಸಾಲು ಬರೆಯಲು ಪುರಸೊತ್ತಿಲ್ಲವೇನೇ? ಸುಣ್ಣದ ಗಾಡಿ ಎರಡು ಸಲ ಬಂದು ಹೋಯಿತು. ಎರಡು ಸಲವೂ ಕರಣೆಯನ್ನು ಗಾರೆಯಲ್ಲೇ ಬಿಟ್ಟು ಹೆಬ್ಬಾಗಿಲ ಕಿಂಡಿಗೆ ಓಡಿದೆ. "ಏನೂ ಇಲ್ಲ ಕಣಮ್ಮ, ಬರೀ ಮೂಟೆ" ಎಂದರು ಗಾಡಿ ತಾತ. ಬಾಗಿಲು ಕಾಯುವ ಮಾವ ಬೇರೆ ನಗುತ್ತಾನೆ: "ಅತ್ತಿಗೆ, ನಿಮ್ಮ ಮಗಳು ಗೂಡಿನ ಹತ್ತಿರ ಯಾರನ್ನಾದ್ರೂ ನೋಡ್ಕೊಂಡಿರ್ಬೇಕು." ಅವನ ಬಾಯಿಗೆ ಗಾರೆ ಮೆತ್ತಬೇಕು ಎನ್ನಿಸಿತು.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಇನ್ನೊಮ್ಮೆ ಬರೆಯುತ್ತೇನೆ. ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು. ಬಲಗೈ ಜೋಪಾನ. ಹೊರಡುವ ದಿನ ಹೆಬ್ಬಾಗಿಲ ಪಕ್ಕದ ಹಸಿ ಗಾರೆಯಲ್ಲಿ ಅಂಗೈ ಒತ್ತಿ ಹೋಗಿದ್ದೀಯ. ಎರಡು ವರ್ಷದ ಸರದಿ ಮುಗಿಸಿ ಬಂದಾಗ ಅದೇ ಅಂಗೈ ಅದೇ ಅಚ್ಚಿನಲ್ಲಿ ಕೂರಬೇಕು. ಕೂತರೆ ಮಗಳು, ಕೂರದಿದ್ದರೆ ಕಣಿವೆಯ ಮಬ್ಬು. ಮಬ್ಬಿಗೆ ಯಾರ ಮುಖವಾದರೂ ಬರುತ್ತದೆ, ಯಾರ ದನಿಯಾದರೂ ಬರುತ್ತದೆ; ಅಂಗೈಯೊಂದು ಬರುವುದಿಲ್ಲ. ಹಿರಿಯರು ಕಂಡುಕೊಂಡ ದಾರಿ ಇದೊಂದೇ. ಬಂದವರ ಕೈ ಹಿಡಿದು ಅಚ್ಚಿಗಿಟ್ಟು ನೋಡುವ ಕೆಲಸ ಹತ್ತು ವರ್ಷದಿಂದ ನನ್ನದು. ನಿನ್ನ ಕೈಯನ್ನೂ ನಾನೇ ನೋಡಬೇಕು. ಸುಣ್ಣಕ್ಕೆ ಬರಿಗೈ ಹಾಕಬೇಡ, ಎಣ್ಣೆ ಹಚ್ಚಿಕೋ, ಉಗುರು ಕಚ್ಚಬೇಡ.

ನಾಲ್ಕು ವರ್ಷದ ಹಿಂದೆ, ಸರದಿಗೆ ಹೋದ ನಿಮ್ಮಪ್ಪನ ಮುಖ ಹೊತ್ತುಕೊಂಡು ಒಂದು ಬಂದಿತ್ತಲ್ಲ, ಅದರ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ನೀನು ಆಗ ಚಿಕ್ಕವಳು. ಬಲಗೈಯಲ್ಲಿ ಮೂರೇ ಬೆರಳು. ನನ್ನನ್ನು ಹೆಸರು ಹಿಡಿದು ಕರೆಯಿತು. ಅಚ್ಚಿಗಿಟ್ಟು ನೋಡಿದೆ, ಕೂರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಗೋಡೆ ಮೇಲೆ ಕಾವಲು ನಿಂತವರು ಕಲ್ಲು ಹಾಕಿದರು. ಅದು ಓಡಲಿಲ್ಲ, ನಿಧಾನವಾಗಿ ನಡೆದುಕೊಂಡು ಹೋಯಿತು. ಆ ನಡಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇರೆ ಯಾರಾದರೂ ಆಗಿದ್ದರೆ ಮರುಳಾಗಿ ಬಾಗಿಲು ತೆಗೆಸುತ್ತಿದ್ದರು ಎಂದು ಊರೆಲ್ಲ ಹೊಗಳಿತು.

ಪತ್ರ ಬರೆ. ಬರೆಯದಿದ್ದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ನಿನ್ನ ಅಮ್ಮ

---

ಎರಡನೇ ತಿಂಗಳು, ಇಪ್ಪತ್ತೊಂದನೇ ದಿನ
ಸುಣ್ಣದ ಗೂಡು, ಮೇಲಿನ ಸಾಲು

ಅಮ್ಮಾ,

ಬೈಯಬೇಡ. ಮೊದಲ ತಿಂಗಳು ಬೆರಳು ಬಿರಿದು ಬರೆಯಲು ಆಗುತ್ತಿರಲಿಲ್ಲ. ಈಗ ಪರವಾಗಿಲ್ಲ, ಚರ್ಮ ಗಟ್ಟಿಯಾಗಿದೆ. ಇಲ್ಲಿ ಎಲ್ಲರೂ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಇರುತ್ತೇವೆ, ಸುಣ್ಣದ ಧೂಳು ಗಂಟಲಿಗೆ ಇಳಿಯಬಾರದಲ್ಲ. ಹೀಗಾಗಿ ಯಾರ ಮುಖವೂ ನನಗೆ ಸರಿಯಾಗಿ ಗೊತ್ತಿಲ್ಲ, ಬರೀ ಕಣ್ಣು ಗೊತ್ತು.

ಮಬ್ಬು ಬೆಳಗ್ಗೆ ಕಣಿವೆ ತುಂಬಾ ಇರುತ್ತದೆ. ಗೂಡಿನ ಬೆಂಕಿ ಇರುವತನಕ ಹತ್ತಿರ ಬರುವುದಿಲ್ಲ. ಅದರ ಒಳಗೆ ಯಾರೋ ನಿಂತ ಹಾಗೆ ಕಾಣುತ್ತದೆ, ನೋಡಿದರೆ ಯಾರೂ ಇಲ್ಲ.

ಇನ್ನೊಂದು ವಿಷಯ. ಇಲ್ಲಿ ಸರದಿ ಮುಗಿದರೂ ಹೋಗದೆ ಉಳಿದವರು ಮೂವತ್ತು ಜನರಾದರೂ ಇದ್ದಾರೆ. ಯಾಕೆ ಎಂದು ಕೇಳಿದರೆ ನಗುತ್ತಾರೆ, ಇಲ್ಲ ಎದ್ದು ಹೋಗುತ್ತಾರೆ. ಕಲ್ಲೊಡೆಯುವ ಅಕ್ಕ ಒಬ್ಬಳು ಮಾತ್ರ ಕೈ ಬಿಚ್ಚಿ ನನ್ನ ಮುಂದೆ ಹಿಡಿದಳು. ಅಂಗೈ ಎಲ್ಲ ಸುಟ್ಟು ಜಡ್ಡುಗಟ್ಟಿ ಮರದ ಹಾಗಿದೆ. "ಎರಡು ವರ್ಷ ಆದ್ಮೇಲೆ ನಿನ್ನ ಕೈ ಹೆಂಗಿರತ್ತೆ ಅಂದ್ಕೊಂಡಿದ್ದೀಯ ಮಗಾ?" ಎಂದಳು. ನನಗೆ ಅವತ್ತು ಊಟ ಸೇರಲಿಲ್ಲ.

ಕೆಳಗಿನ ಗೂಡಿನಲ್ಲಿ ಮೂರು ಬೆರಳಿನವರು ಒಬ್ಬರು ಇದ್ದಾರೆ. ಮಾತೇ ಆಡುವುದಿಲ್ಲ. ದಿನಾ ತಮ್ಮ ಪಾಲಿನ ಗಂಜಿಯಲ್ಲಿ ಅರ್ಧ ನನ್ನ ಬಟ್ಟಲಿಗೆ ಸುರಿದು ಹೋಗುತ್ತಾರೆ. ನೀನು ಬರೆದದ್ದು ಓದಿದ ಮೇಲೆ ಆ ಬಟ್ಟಲು ಹಿಡಿದುಕೊಂಡೇ ಕೂರುತ್ತೇನೆ. ಗಂಜಿ ಕುಡಿಯಲೋ ಬಿಡಲೋ ಹೇಳು.

ನಿನ್ನ ಪುಟ್ಟಿ

---

ಮೂರನೇ ತಿಂಗಳು, ಎಂಟನೇ ದಿನ
ಗೋಡೆಯ ಒಳಗಿನಿಂದ

ಪುಟ್ಟಿ, ನನ್ನ ಬಂಗಾರ,

ಗಂಜಿ ಗಿಂಜಿ ಆಮೇಲೆ. ಕೂತುಕೊಂಡು ಓದು. ನಿಮ್ಮಪ್ಪ ಬಂದರು!

ಮೊನ್ನೆ ಬೆಳಗ್ಗೆ ಸಾರಣೆ ಕೆಲಸದಲ್ಲಿದ್ದೆ. ಮಾವ ಕೂಗಿದ, "ಅತ್ತಿಗೆ, ಕೆಳಗಿಳೀರಿ, ಬೇಗ!" ಇಳಿಯುವ ಅವಸರಕ್ಕೆ ಏಣಿಯಿಂದ ಬೀಳುವವಳಿದ್ದೆ. ಕಿಂಡಿಯಿಂದ ಒಂದು ಕೈ ಒಳಗೆ ಬಂದಿತ್ತು. ಐದೂ ಬೆರಳು. ಹಿಡಿದು ಅಚ್ಚಿಗಿಟ್ಟೆ. ನಾನು ಸಾವಿರ ಕೈ ನೋಡಿದ್ದೇನೆ, ಇಷ್ಟು ಸರಿಯಾಗಿ ಕೂತ ಕೈ ನೋಡಿಲ್ಲ. ಒಂದು ಕೂದಲೆಳೆ ಸಂದು ಇಲ್ಲ. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಆರು ವರ್ಷ ಪುಟ್ಟಿ, ಆರು ವರ್ಷ.

ಮನುಷ್ಯ ಸ್ವಲ್ಪವೂ ಬದಲಾಗಿಲ್ಲ. ಅದೇ ಅಂಗಿ, ಅದೇ ನಗು. ಕೈ ಬೆಣ್ಣೆಯ ಹಾಗಿದೆ, ಎಲ್ಲೋ ಚೆನ್ನಾಗಿ ನೋಡಿಕೊಂಡಿದ್ದಾರೆ. ಎಲ್ಲಿದ್ದಿರಿ ಎಂದರೆ "ಈಗ ತಾನೇ ಹೋಗಿ ಬಂದೆನಲ್ಲ" ಎನ್ನುತ್ತಾರೆ. ದಣಿವಿರಬೇಕು. ದಿನವೆಲ್ಲ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ನಿನ್ನದೇ ಜಪ. ನೀನು ಹನ್ನೊಂದು ವರ್ಷದವಳು ಎಂದೇ ಅವರ ಲೆಕ್ಕ, ನಿನ್ನ ಗಿಡ್ಡ ಮಣೆಯನ್ನು ಅಟ್ಟದಿಂದ ಇಳಿಸಿಟ್ಟಿದ್ದಾರೆ. "ಪುಟ್ಟಿ ಎಲ್ಲಿ? ಯಾವ ಗೂಡು? ಯಾವ ದಾರಿ?" ಎಂದು ಕೇಳುತ್ತಲೇ ಇರುತ್ತಾರೆ.

ಮನೆ ಯಾಕೋ ತಣ್ಣಗಿದೆ. ಕಾಳಿನ ಕಣಜದ ಹಿಂದಿನ ಮೂಲೆ ಒದ್ದೆಯಾಗಿದೆ, ಇಷ್ಟು ದೊಡ್ಡ ಗಾರೆಯವಳ ಮನೆಯಲ್ಲೇ! ನಾಳೆ ಸರಿಮಾಡುತ್ತೇನೆ.

ಮೂರು ಬೆರಳಿನವನ ಹತ್ತಿರ ಹೋಗಬೇಡ.

ನಿನ್ನ ಅಮ್ಮ (ಅಪ್ಪನೂ)

---

ಮೂರನೇ ತಿಂಗಳು, ಹದಿನಾಲ್ಕನೇ ದಿನ
ಸುಣ್ಣದ ಗೂಡು

ಅಮ್ಮಾ,

ಗಾಡಿ ತಾತ ಕಾಯುತ್ತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಖುಷಿಯಲ್ಲಿ ಕಲ್ಲೊಡೆಯುವ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೂರು ಬೆರಳಿನವರು ಕೇಳಿಸಿಕೊಂಡರು. ಬಂದು ನನ್ನ ಮುಂದೆ ಕೂತು ಮುಖದ ಬಟ್ಟೆ ಬಿಚ್ಚಿದರು.

ಅಮ್ಮಾ, ಅಪ್ಪ ಇಲ್ಲಿದ್ದಾನೆ. ಈಗ ನನ್ನ ಪಕ್ಕದಲ್ಲೇ ಕೂತಿದ್ದಾನೆ. ಮನೆಯಲ್ಲಿ ಇರುವುದು ಯಾರು?

ನಾಲ್ಕು ವರ್ಷದ ಹಿಂದೆ ಬಂದದ್ದು ಅವನೇ. ಬಂಡೆ ಜಾರಿ ಎರಡು ಬೆರಳು ಹೋಗಿತ್ತು. ಬೆರಳು ಇಲ್ಲದಿದ್ದರೂ ಹೆಂಡತಿಗೆ ಗೊತ್ತಾಗುತ್ತದೆ ಎಂದುಕೊಂಡು ಬಂದನಂತೆ. ಆಮೇಲೆ ಬರೆದ ಪತ್ರಗಳನ್ನೆಲ್ಲ ಬಾಗಿಲಲ್ಲೇ ಸುಟ್ಟರು, ಮಬ್ಬಿನ ಪತ್ರವೆಂದು. ನಾನು ಇಲ್ಲಿಗೆ ಬಂದ ದಿನವೇ ಗುರುತು ಹಿಡಿದಿದ್ದಾನೆ. ನಾನೂ ಹೆದರಿ ಕಲ್ಲು ಎತ್ತಿಕೊಂಡರೆ ಎಂದು ಬಾಯಿ ಬಿಡಲಿಲ್ಲವಂತೆ.

ಮನೆ ಬಿಟ್ಟು ಹೊರಗೆ ಬಾ. ದಯವಿಟ್ಟು ಬಾ.

ಪುಟ್ಟಿ

---

ಮೂರನೇ ತಿಂಗಳು, ಹದಿನೆಂಟನೇ ದಿನ
ಗೋಡೆಯ ಒಳಗಿನಿಂದ

ಮಗಳೇ,

ನಿನ್ನ ಪತ್ರ ಓದಿದೆ. ಅದು ಮಬ್ಬು ಕಣೇ! ನಿನ್ನ ತಲೆ ಕೆಡಿಸಿದೆ. ಅದರ ಹತ್ತಿರದಿಂದ ಎದ್ದು ಓಡು, ಮೇಲಿನ ಗೂಡಿನ ಬೆಂಕಿಯ ಪಕ್ಕ ಇರು. ಮೂರು ಬೆರಳಿನದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೂರಲಿಲ್ಲ. ಇವರದು ಕೂತಿತು. ಅಂಗೈ ಸುಳ್ಳು ಹೇಳುತ್ತದೆ ಎಂದರೆ ನಾನು ಹತ್ತು ವರ್ಷದಿಂದ ಮಾಡಿದ್ದೇನು? ಎಷ್ಟು ಜನರಿಗೆ ತಲೆ ಅಲ್ಲಾಡಿಸಿದ್ದೇನೆ ಗೊತ್ತಾ ನಿನಗೆ? ಅಂಥ ಮಾತು ಇನ್ನೊಮ್ಮೆ ಬರೆಯಬೇಡ.

ಬೇಕಾದರೆ ಕೇಳು ಅದನ್ನು: ನಮ್ಮ ಮದುವೆಯಾದ ವಾರ ಗಾರೆ ಕಲಸುವ ತೊಟ್ಟಿಯಲ್ಲಿ ಬಿದ್ದವರು ಯಾರು, ನಕ್ಕವರು ಯಾರು? ಇವರನ್ನು ಕೇಳಿದೆ. ತಕ್ಷಣ ಹೇಳಿದರು.

ಅಮ್ಮ

---

ಮೂರನೇ ತಿಂಗಳು, ಇಪ್ಪತ್ತಾರನೇ ದಿನ
ಸುಣ್ಣದ ಗೂಡು

ಅಮ್ಮಾ,

ಬಿದ್ದವಳು ನೀನು, ನಕ್ಕವಳು ಅಜ್ಜಿ. ಅಪ್ಪ ನಗಲಿಲ್ಲ, ತಾನೂ ತೊಟ್ಟಿಗೆ ಹಾರಿದ. ಇದನ್ನು ಹೇಳಿ ಅಪ್ಪ ಮೆಲ್ಲಗೆ ನಕ್ಕ.

ಇಬ್ಬರೂ ಸರಿಯಾಗಿ ಹೇಳಿದರು, ಅಲ್ಲವಾ? ಅಪ್ಪ ಹೇಳುವುದು ಇಷ್ಟು: "ಹೋಗೋ ದಿನ ಅಚ್ಚಲ್ಲಿ ಕೈ ಒತ್ತಿದೆನಲ್ಲ, ಆವತ್ತಿನ ತನಕ ನಾನು ಏನೇನಾಗಿದ್ನೋ, ಅವನೂ ಅದೆಲ್ಲ. ಮಬ್ಬು ಅಚ್ಚಿನಿಂದ್ಲೇ ಮನುಷ್ಯನ್ನ ಮಾಡತ್ತೆ. ಅದಕ್ಕೇ ಅವನ ಕೈ ಕೂರತ್ತೆ. ನಾನು ಆರು ವರ್ಷ ದುಡಿದಿದ್ದೀನಿ, ನನ್ನ ಕೈ ಹೆಂಗೆ ಕೂರತ್ತೆ?" ಬದುಕಿರುವವರ ಕೈ ಬದಲಾಗುತ್ತದೆ ಅಮ್ಮಾ. ಎರಡು ತಿಂಗಳಿಗೇ ನನ್ನದು ಬದಲಾಗಿದೆ. ಉಂಗುರದ ಬೆರಳ ತುದಿ ಹೋದ ವಾರ ಸುಟ್ಟುಹೋಯಿತು, ನೀನು ಗಾಬರಿ ಬೀಳುತ್ತೀಯ ಎಂದು ಬರೆದಿರಲಿಲ್ಲ. ಇನ್ನು ನಾನು ಬಾಗಿಲಿಗೆ ಬಂದರೆ ನೀನೇ ತಲೆ ಅಲ್ಲಾಡಿಸಬೇಕಾಗುತ್ತದೆ.

ನನ್ನ ಅಚ್ಚೂ ಅಲ್ಲೇ ಇದೆ. ಒಂದು ದಿನ ನನ್ನ ಹಾಗೇ ಇರುವವಳು ಬಂದು ನಿನ್ನನ್ನು ಅಮ್ಮಾ ಎಂದು ಕರೆಯುತ್ತಾಳೆ. ನೀನು ಅವಳಿಗೆ ಗಂಜಿ ಬಡಿಸುತ್ತೀಯ.

ಮೂರು ಬೆರಳಿನವನು ಎನ್ನಬೇಡ. ಆವತ್ತು ಕಲ್ಲು ಬಿದ್ದದ್ದಕ್ಕಿಂತ ನೀನು ಮುಖ ತಿರುಗಿಸಿದ್ದು ನೋವಾಯಿತಂತೆ. ಆದರೂ "ಅವಳದ್ದೇನೂ ತಪ್ಪಿಲ್ಲ, ಅವಳ ಕೆಲಸ ಅವಳು ಮಾಡಿದ್ಲು" ಎನ್ನುತ್ತಾನೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಪುಟ್ಟಿ

---

ನಾಲ್ಕನೇ ತಿಂಗಳು, ಹದಿನೇಳನೇ ದಿನ
ಗೋಡೆಯ ಒಳಗಿನಿಂದ

ಪುಟ್ಟಿ,

ನಿನ್ನ ಪತ್ರ ಬಂದ ಮೇಲೆ ಇಪ್ಪತ್ತು ದಿನ ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಮನೆಯ ಮೂಲೆಯ ಒದ್ದೆಗೆ ಮೂರು ಸಲ ಗಾರೆ ಹಾಕಿದೆ, ಮೂರು ಸಲವೂ ಉದುರಿತು. ಆಗ ಹೊಳೆಯಿತು. ಇಂಥ ಒದ್ದೆ ನಾನು ಬೇರೆ ಕಡೆಯೂ ನೋಡಿದ್ದೇನೆ. ಬಡಗಿಯ ಮನೆ, ಸೂಲಗಿತ್ತಿಯ ಮನೆ, ಚಪ್ಪಲಿ ಹೊಲಿಯುವವರ ಮನೆ. ವರ್ಷಾನುಗಟ್ಟಲೆ ನನ್ನನ್ನು ಕರೆಸುತ್ತಾರೆ, ನನ್ನ ಗಾರೆ ಅಲ್ಲಿ ಮಾತ್ರ ನಿಲ್ಲುವುದಿಲ್ಲ. ಬೆರಳು ಮಡಚಿ ಎಣಿಸಿದೆ: ಹನ್ನೊಂದು ಮನೆ. ಹನ್ನೊಂದು ಮನೆಗೂ ಹೊರಗಿನಿಂದ ಯಾರೋ ವಾಪಸು ಬಂದಿದ್ದಾರೆ. ಹನ್ನೊಂದು ಕೈಯನ್ನೂ ನಾನೇ ಅಚ್ಚಿಗಿಟ್ಟು "ಕೂತಿತು" ಎಂದಿದ್ದೇನೆ. ಆ ಮನೆಗಳ ಮೂಲೆಯಲ್ಲಿ ಇರುವುದು ನೀರಲ್ಲ ಪುಟ್ಟಿ, ಮಬ್ಬು. ಈಗ ನಮ್ಮ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟಿದೆ. ಅದರಲ್ಲಿ ನಿಂತರೆ ಏನು ಮಾಡಲು ಬಂದೆ ಎನ್ನುವುದೇ ಮರೆತುಹೋಗುತ್ತದೆ.

ಅಷ್ಟಾದರೂ ನಂಬದೆ ಕೂತಿದ್ದೆ. ನಿನ್ನೆ ಮಧ್ಯಾಹ್ನ ಮನೆಯಲ್ಲಿರುವವರ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಒಂದು ಬೊಬ್ಬೆ. ನಿಮ್ಮಪ್ಪ ಹೊರಡುವ ಹಿಂದಿನ ದಿನ ಒಲೆಯ ಕೆಂಡ ತಗುಲಿ ಎದ್ದ ಬೊಬ್ಬೆ. ನಾನೇ ತುಪ್ಪ ಹಚ್ಚಿದ್ದೆ. ತುಪ್ಪದ ಜಿಡ್ಡು ಇನ್ನೂ ಹಾಗೇ ಇದೆ. ಆರು ವರ್ಷದ ಬೊಬ್ಬೆ ಒಡೆದಿಲ್ಲ, ಒಣಗಿಲ್ಲ.

ಅದು ನನ್ನ ಮುಖ ನೋಡಿ "ಉರೀತಿದೆ ಕಣೇ, ಇನ್ನೊಂಚೂರು ತುಪ್ಪ ಹಚ್ಚು" ಎಂದಿತು. ಹಚ್ಚಿದೆ. ಇನ್ನೇನು ಮಾಡಲಿ?

ನಾನು ನಿಮ್ಮಪ್ಪನಿಗೆ ಕಲ್ಲು ಹಾಕಿಸಿದೆ. ನನ್ನ ಕೈಯಾರೆ. ಇದನ್ನು ಬರೆಯುವುದಕ್ಕೇ ನನಗೆ ಇಪ್ಪತ್ತು ದಿನ ಬೇಕಾಯಿತು. ಮಾವನಿಗೂ ಹಿರಿಯರಿಗೂ ಹೇಳಿ ನೋಡಿದೆ. "ಅಚ್ಚನ್ನೇ ನಂಬಬೇಡಿ ಅಂದ್ರೆ ಇನ್ನೇನನ್ನ ನಂಬೋದು ಅತ್ತಿಗೆ? ಮನೇಲಿ ಜಗಳ ಆಗಿದ್ಯಾ?" ಎಂದ ಮಾವ. ಅವನ ಒಡಹುಟ್ಟಿದ ಅಣ್ಣನೂ ವಾಪಸು ಬಂದವನೇ. ಅವನ ಮನೆಯೂ ಹನ್ನೊಂದರಲ್ಲಿ ಒಂದು.

ನಾನು ಬರುತ್ತೇನೆ. ಗಾಡಿ ಇವತ್ತೇ ಹೊರಡುತ್ತಿದೆ, ನನಗಿನ್ನೂ ಎರಡು ದಿನದ ಕೆಲಸವಿದೆ. ನಿನ್ನ ಅಚ್ಚನ್ನು ಗಾರೆ ತುಂಬಿ ಅಳಿಸಬೇಕು, ಎರಡು ಪದರ ಒಣಗಬೇಕು. ಇನ್ನು ನೀನು ಈ ಊರಿಗೆ ಬರುವ ಹಾಗಿಲ್ಲ, ನಿನ್ನ ಹಾಗೆ ಇನ್ನೊಂದೂ ಬರುವ ಹಾಗಿಲ್ಲ. ನಿನ್ನನ್ನು ಕೇಳದೆ ಮಾಡುತ್ತಿದ್ದೇನೆ. ಬೈದುಕೋ.

ಈಗ ಮುಖ್ಯವಾದದ್ದು. ನನ್ನ ಅಚ್ಚು ಒತ್ತಿಸಿಕೊಳ್ಳದೆ ಬಾಗಿಲು ತೆಗೆಯುವುದಿಲ್ಲ. ಒತ್ತಿ, ಹೊರಬಿದ್ದ ಕೂಡಲೇ ಮೊದಲ ತಿರುವಿನಲ್ಲಿ ಒದ್ದೆ ಕೈಯಲ್ಲಿ ಸುಟ್ಟ ಸುಣ್ಣ ಹಿಡಿಯುತ್ತೇನೆ, ಅಂಗೈ ಬೆಂದುಹೋಗುವತನಕ. ದಾರಿಯಲ್ಲಿ ನನ್ನ ಹಾಗಿರುವವಳು ಬಂದರೆ ಮೊದಲು ಬಲಗೈ ನೋಡು. ಬೆಂದಿದ್ದರೆ ನಾನು. ಕೈ ನೆಟ್ಟಗಿದ್ದರೆ ಎಷ್ಟು ಅತ್ತರೂ, ಎಷ್ಟು ಅಂಗಲಾಚಿದರೂ ಹತ್ತಿರ ಸೇರಿಸಬೇಡ.

ನಿಮ್ಮಪ್ಪನಿಗೆ ಏನೂ ಹೇಳಬೇಡ. ಬಂದು ನಾನೇ ಹೇಳುತ್ತೇನೆ. ಹೇಗೆ ಹೇಳುತ್ತೇನೋ ಗೊತ್ತಿಲ್ಲ.

ಅಮ್ಮ

---

ಐದನೇ ತಿಂಗಳು, ಇಪ್ಪತ್ತನೇ ದಿನ
ಗೋಡೆಯ ಒಳಗಿನಿಂದ

ಪುಟ್ಟಿ, ನನ್ನ ಬಂಗಾರ,

ದಾರಿ ನೋಡಿ ನೋಡಿ ಗಾಬರಿಯಾಗಿರಬೇಕು ನೀನು. ನಾನು ಬರಲಾಗಲಿಲ್ಲ. ಬಾಗಿಲಲ್ಲಿ ಅಚ್ಚು ಒತ್ತಿದ್ದು ನೆನಪಿದೆ. ಆಮೇಲೆ ಬರೀ ಮಬ್ಬು. ಕಣ್ಣು ಬಿಟ್ಟಾಗ ಮತ್ತೆ ಹೆಬ್ಬಾಗಿಲ ಎದುರಿಗೇ ನಿಂತಿದ್ದೆ. ಹೆದರಿ ಕಿಂಡಿಯೊಳಗೆ ಕೈ ಚಾಚಿದೆ. ಮಾವನೇ ಹಿಡಿದು ಅಚ್ಚಿಗಿಟ್ಟ. "ಕೂತಿತು ಅತ್ತಿಗೆ! ನೀವು ಹಾಕಿದ ಗಾರೆ ಥರಾನೇ ಕೂತಿತು" ಎಂದ. ಊರವರೆಲ್ಲ ನಕ್ಕರು, ನಾನೂ ನಕ್ಕೆ.

ಸುಣ್ಣ ಹಿಡಿಯಬೇಕು ಎಂದುಕೊಂಡಿದ್ದೆ. ಹಿಡಿದ ನೆನಪಿಲ್ಲ. ಕೈ ನೋಡಿಕೊಂಡರೆ ಏನೂ ಆಗಿಲ್ಲ. ಭಯಕ್ಕೆ ಮರೆತಿರಬೇಕು, ಅಲ್ಲವಾ? ನಾನು ನಾನೇ ಪುಟ್ಟಿ. ನೀನು ಹುಟ್ಟಿದ ದಿನದಿಂದ ಎಲ್ಲ ನೆನಪಿದೆ. ತೊಟ್ಟಿಯಲ್ಲಿ ಬಿದ್ದದ್ದು ನೆನಪಿದೆ. ಆ ಮೂರು ಬೆರಳೂ ನೆನಪಿದೆ, ಅದನ್ನು ನೆನೆದು ಈಗಲೂ ಅಳುತ್ತೇನೆ. ಆದರೆ ನನ್ನ ಕೈ ಕೂತಿತಲ್ಲ? ಕೂತಿದ್ದರಿಂದ ನಾನು ಹೆದರಿದ್ದೆಲ್ಲ ಸುಳ್ಳಿರಬೇಕು. ನಿಮ್ಮಪ್ಪ ಇಲ್ಲೇ ಇದ್ದಾರೆ, ಪಕ್ಕದಲ್ಲಿ ಕೂತಿದ್ದಾರೆ. ಮನೆ ಈಗ ತಣ್ಣಗೆ ಅನ್ನಿಸುವುದೇ ಇಲ್ಲ.

ಹಿರಿಯರು ಊರಿನ ಎಲ್ಲರ ಅಚ್ಚೂ ತೆಗೆಸಿಡಬೇಕು ಎಂದು ತೀರ್ಮಾನಿಸಿದ್ದಾರೆ, ಹಸುಗೂಸುಗಳದ್ದೂ. ಬರುವ ತಿಂಗಳು ಹತ್ತನೇ ದಿನ ಶುರು. ಗಾರೆ ಕಲಸುವುದು ನಾನೇ. ನಿನ್ನ ಅಚ್ಚು ಅಳಿಸಿದ್ದು ತಪ್ಪಾಯಿತು. ನೀನು ಬಾ, ಕೈ ನೋಡುವವಳು ನಾನೇ ತಾನೇ? ಹೇಗಾದರೂ ಒಳಗೆ ಸೇರಿಸಿಕೊಳ್ಳುತ್ತೇನೆ.

ಬೇಗ ಬಾ. ನಿನ್ನನ್ನು ನೋಡದೆ ಜೀವ ಹಿಂಡುತ್ತಿದೆ.

ನಿನ್ನ ಅಮ್ಮ

---

ಐದನೇ ತಿಂಗಳು, ಇಪ್ಪತ್ತಾರನೇ ದಿನ
ಸುಣ್ಣದ ಗೂಡು, ಕೆಳಗಿನ ಸಾಲು

ನನ್ನ ಮನೆಯಲ್ಲಿರುವವಳೇ,

ಅಕ್ಷರ ಪುಟ್ಟಿಯದು, ಮಾತು ನನ್ನದು. ನನ್ನ ಬಲಗೈಗೆ ಬಟ್ಟೆ ಸುತ್ತಿದೆ, ಬರೆಯಲು ಬರುವುದಿಲ್ಲ. ನಾನು ಇಲ್ಲಿಗೆ ಬಂದು ಒಂದು ತಿಂಗಳಾಯಿತು.

ನಿನ್ನ ಪತ್ರ ಓದುವಾಗ ಪುಟ್ಟಿ ನನ್ನ ಕೈಯನ್ನು ಮತ್ತೆ ಬಿಚ್ಚಿಸಿ ನೋಡಿದಳು. ನಾನು ತಪ್ಪು ತಿಳಿಯಲಿಲ್ಲ. ಅಷ್ಟು ನನ್ನ ಹಾಗೇ ಬರೆದಿದ್ದೀಯ. ನೀನು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ನಿನಗೂ ಅವಳ ಮೇಲೆ ನನ್ನಷ್ಟೇ ಪ್ರಾಣ. ಅದಕ್ಕೇ ನಿನ್ನನ್ನು ಕಂಡರೆ ನನಗೆ ಇಷ್ಟು ಭಯ. ಪುಟ್ಟಿ ಬರುವುದಿಲ್ಲ. ಇನ್ನು ಅವಳಿಗೆ ಬರೆಯಬೇಡ.

ಇಲ್ಲಿಗೆ ಬಂದ ದಿನ ಏನಾಯಿತು ಎಂದು ನಿನಗೆ ಗೊತ್ತಿಲ್ಲ, ಗೊತ್ತಾಗಬೇಕು. ಪುಟ್ಟಿಯ ಅಪ್ಪ ಗೂಡಿನ ಬಾಯಿಯ ಹತ್ತಿರ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಬಿಟ್ಟು ಬಲಗೈಯನ್ನು ಮುಂದೆ ಚಾಚಿದೆ. ಅವರು ನನ್ನ ಬೆಂದ ಕೈ ನೋಡಿ "ಅಯ್ಯೋ, ಏನೇ ಇದು, ಒಳಗೆ ಬಾ" ಎಂದರು. ಅಷ್ಟೇ. ಅಚ್ಚು ಇರಲಿಲ್ಲ, ಅಳತೆ ಇರಲಿಲ್ಲ. ನಾನು ಆವತ್ತು ಅತ್ತ ಹಾಗೆ ಎಂದೂ ಅತ್ತಿಲ್ಲ.

ನಿನ್ನನ್ನು ನಾನು ಓಡಿಸಲಾರೆ, ಊರಿಗೆ ನನ್ನ ಮಾತು ಮುಟ್ಟುವುದಿಲ್ಲ. ಹೆಬ್ಬಾಗಿಲಲ್ಲಿ ಇನ್ನು ನಿಲ್ಲುವವಳು ನೀನು. ಆ ಮೂರು ಬೆರಳು ನೆನೆದು ಅಳುತ್ತೇನೆ ಎಂದು ಬರೆದೆಯಲ್ಲ, ಅದನ್ನು ನಂಬಿ ಕೇಳುತ್ತಿದ್ದೇನೆ. ಹಸುಗೂಸುಗಳ ಕೈಯನ್ನು ಗಾರೆಗೆ ಒತ್ತಬೇಡ. ಗಾರೆ ಹುಳಿತಿದೆ ಅನ್ನು, ಸುಣ್ಣ ಸರಿಯಿಲ್ಲ ಅನ್ನು, ಏನಾದರೂ ಅನ್ನು. ಈ ತಿಂಗಳ ಕೊನೆಗೆ ಕಲ್ಲೊಡೆಯುವ ಅಕ್ಕ ತನ್ನ ಮಕ್ಕಳನ್ನು ನೋಡಲು ಹೊರಟಿದ್ದಾಳೆ. ಬೇಡವೆಂದರೆ ಕೇಳುತ್ತಿಲ್ಲ, ಒಂಬತ್ತು ವರ್ಷವಾಯಿತು ಎನ್ನುತ್ತಾಳೆ. ಕಿಂಡಿಯಿಂದ ಒಂದು ಕೈ ಒಳಗೆ ಬರುತ್ತದೆ. ಜಡ್ಡುಗಟ್ಟಿರುತ್ತದೆ, ಸುಟ್ಟಿರುತ್ತದೆ, ಯಾವ ಅಚ್ಚಿಗೂ ಕೂರುವುದಿಲ್ಲ. ಗೋಡೆ ಮೇಲಿನವರು ಕಲ್ಲು ಹಿಡಿದು ನಿನ್ನ ತಲೆ ಅಲ್ಲಾಡುವುದನ್ನೇ ಕಾಯುತ್ತಿರುತ್ತಾರೆ.

ನಾನು ಮಾಡಿದ್ದನ್ನು ನೀನು ಮಾಡಬೇಡ. ಕೂತಿತು ಅಂದುಬಿಡು.

ಪುಟ್ಟಿಯ ಅಮ್ಮ